ಮಗಳಿಗೊಂದು ಪತ್ರ: ಪರದೆ ತೆಗೆದ ಮೇಲೆ

ಪುಟ್ಟಿ,

ಆರ್ಕೆಸ್ಟ್ರಾದಲ್ಲಿ ಟ್ರಾಂಬೋನ್ ಊದುವ ಕೆಲಸಕ್ಕೆ ಆಡಿಷನ್, ಆರಿಸುವವರಿಗೆ ಮುಖ ಕಾಣದ ಹಾಗೆ ಪರದೆಯ ಹಿಂದೆ ನಡೆಯುತ್ತೆ ಅಂತ ಬರೆದಿದ್ದೀಯ. ಯಾವ ಸುತ್ತಿನವರೆಗೆ ಅಂತ ಈಗಲೇ ಕೇಳಿಟ್ಟುಕೋ. ಎಷ್ಟೋ ಆರ್ಕೆಸ್ಟ್ರಾಗಳು ಕೊನೆಯ ಸುತ್ತಿಗೆ ಪರದೆ ತೆಗೆದುಬಿಡುತ್ತವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಹಾಗೆ ಕೊನೇವರೆಗೂ ಇಡುವವರು ಕಡಿಮೆ.

ವೇದಿಕೆಯಲ್ಲಿ ನಿನಗೆ ಹೆಸರಿಲ್ಲ, ನಂಬರ್ ಅಷ್ಟೇ. ಏನು ಕೇಳುವುದಿದ್ದರೂ ಪಕ್ಕದಲ್ಲಿ ಉಸ್ತುವಾರಿಗೆ ನಿಂತಿರುವ ಪ್ರಾಕ್ಟರ್‌ಗೆ ಪಿಸುಗುಟ್ಟು, ದನಿ ಆಚೆ ಕೇಳಬಾರದು. ಟಕ್‌ಟಕ್ ಅನ್ನುವ ಶೂ ಬೇಡ. ಹೆಜ್ಜೆ ಸದ್ದಿನಿಂದ ಹೆಣ್ಣೋ ಗಂಡೋ ಗೊತ್ತಾಗದಿರಲಿ ಅಂತ ಕೆಲವರು ಕಾರ್ಪೆಟ್ ಹಾಸುತ್ತಾರೆ, ಎಲ್ಲರೂ ಅಲ್ಲ. ರಾವೆಲ್ ಬರೆದ ‘ಬೊಲೆರೊ’ ಕೃತಿಯ ಟ್ರಾಂಬೋನ್ ಸೋಲೊ ಶುರುವಾಗುವುದೇ ಮೇಲಿನ ಸ್ವರವಾದ ಬಿ ಫ್ಲ್ಯಾಟ್‌ನಲ್ಲಿ. ಗಾಬರಿಗೆ ಉಸಿರು ಎದೆಯಲ್ಲೇ ನಿಂತರೆ ತುಟಿ ಬಿಗಿಯುತ್ತೆ, ಮೊದಲ ಸ್ವರವೇ ಒಡೆಯುತ್ತೆ. ಕೂತ ತಕ್ಷಣ ಊದಬೇಡ. ಮನಸ್ಸಿನಲ್ಲೇ ಎರಡು ಬಾರ್ (ತಾಳದ ಆವರ್ತ) ಎಣಿಸಿ, ಹೊಟ್ಟೆತುಂಬ ಉಸಿರೆಳೆದು ಸ್ವರ ಹಿಡಿ.

ನನಗೆ ಚಿಂತೆ ಆಡಿಷನ್‌ನದಲ್ಲ, ಆಮೇಲಿನದು. 1980ರಲ್ಲಿ ಮ್ಯೂನಿಕ್ ಫಿಲ್ಹಾರ್ಮೊನಿಕ್‌ನ ಆಡಿಷನ್ನಿಗೆ ಟ್ರಾಂಬೋನ್ ವಾದಕಿ ಆ್ಯಬಿ ಕೊನಾಂಟ್‌ಗೆ ಬಂದ ಕರೆಯಲ್ಲಿ ‘ಶ್ರೀಮಾನ್’ ಅಂತಿತ್ತು. ಪರದೆಯ ಹಿಂದೆ 33 ಜನರಲ್ಲಿ ಗೆದ್ದವಳು ಅವಳೇ. 1982ರಲ್ಲಿ ಅವಳನ್ನು ಮೊದಲ ಸ್ಥಾನದಿಂದ ಎರಡನೇ ಟ್ರಾಂಬೋನಿಗೆ ಇಳಿಸಿದರು. ಅವಳು ಕೋರ್ಟಿಗೆ ಹೋದಳು, ಆರ್ಕೆಸ್ಟ್ರಾದ ಕಡೆಯವರು ದೇಹಶಕ್ತಿ ಸಾಲದು ಅಂದರು. ಪಾಪ, ಶ್ವಾಸಕೋಶದ ಪರೀಕ್ಷೆಗೂ ಕೂತಳು. ಶಕ್ತಿ ಸರಾಸರಿಗಿಂತ ಹೆಚ್ಚೇ ಇತ್ತು. ಜಾಗ, ಸಮಾನ ಸಂಬಳ ಎಲ್ಲ ಇತ್ಯರ್ಥವಾಗುವ ಹೊತ್ತಿಗೆ 1993. ಟಿಂಪನಿ ಅನ್ನುವ ದೊಡ್ಡ ನಗಾರಿ ನುಡಿಸುತ್ತಿದ್ದ ಇಲೇನ್ ಜೋನ್ಸ್‌ಗೂ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯಲ್ಲಿ 1972ರಲ್ಲಿ ಕೆಲಸ ಸಿಕ್ಕಿದ್ದು ಪರದೆಯ ಹಿಂದೆಯೇ. 1974ರಲ್ಲಿ ವಾದಕರ ಸಮಿತಿ ಕಾಯಂ ಮಾಡಲಿಲ್ಲ.

ಬರ್ಲಿನ್ ಫಿಲ್ಹಾರ್ಮೊನಿಕ್‌ನಲ್ಲಿ ಕ್ಲಾರಿನೆಟ್‌ನ ಸಬೀನೆ ಮೇಯರ್ ಬೇಕು ಅಂತ ಅಲ್ಲಿನ ಮುಖ್ಯ ಕಂಡಕ್ಟರ್ ಕರಾಯನ್ ಹಟ ಹಿಡಿದರೂ, ವಾದಕರು 73–4 ಓಟಿನಲ್ಲಿ ಬೇಡ ಅಂದರು. ಕೊಟ್ಟ ಕಾರಣ, ನಾದ ಬೆರೆಯುತ್ತಿಲ್ಲ. ಶ್ರುತಿ ತಪ್ಪಿದ್ದು, ಲಯ ಜಾರಿದ್ದು ತೋರಿಸಬಹುದು. ನಾದ ಬೆರೆಯುವುದನ್ನು ಯಾವ ಮೀಟರ್‌ನಲ್ಲಿ ಅಳೆಯುತ್ತಾರೋ! ನಿನಗೂ ಯಾರಾದರೂ ಹಾಗೆಂದರೆ, ಯಾವ ಕೃತಿ, ಯಾವ ಬಾರ್, ಜೋರಾಯಿತೋ ಶ್ರುತಿ ಏರಿತೋ ಅಂತ ಕೇಳು. ಅವತ್ತೇ ತಾರೀಕು ಹಾಕಿ ಬರೆದಿಡು, ಅದನ್ನೇ ಈಮೇಲ್‌ನಲ್ಲೂ ಕಳಿಸು.

ಕಾಂಟ್ರ್ಯಾಕ್ಟ್ ಬಂದರೆ ಸಂಬಳಕ್ಕಿಂತ ಮೊದಲು ಪ್ರೊಬೇಷನ್ ಷರತ್ತು ಓದು: ಎಷ್ಟು ಅವಧಿ, ಓಟು ಯಾರದು, ಎಷ್ಟು ಓಟು ಬೇಕು, ಬೇಡ ಅಂದರೆ ಮೇಲ್ಮನವಿ ಎಲ್ಲಿಗೆ. ತಿಳಿಯದ್ದನ್ನು ಯೂನಿಯನ್‌ನವರ ಹತ್ತಿರ ಕೇಳು, ಸಹಿ ಹಾಕುವ ಮುಂಚೆ.

ಅಮ್ಮ