ಹವಾಮಾನ ಹೇಳುವ ಮಗಳಿಗೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ರಾಯಚೂರಿನ ಚಾನೆಲ್‌ನಲ್ಲಿ ಹವಾಮಾನ ಹೇಳುವ ಕೆಲಸ ನಿನಗೆ ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು. ಬೇರೆಯವರು ಬರೆದದ್ದನ್ನು ಓದುವುದಷ್ಟೇ ಅಲ್ವಾ ಅಂತ ನಿಮ್ಮಪ್ಪನಿಗೆ ಅನುಮಾನ. ನನಗಿಲ್ಲ. ತಾಲೂಕು ಕಚೇರಿಯಲ್ಲಿದ್ದಾಗ ಬೆಳಿಗ್ಗೆ 8:30ಕ್ಕೆ ಮಳೆ ಅಳೆದು ಬರೆಯುತ್ತಿದ್ದವನು ನಾನು. ಆ ಅಂಕಿಗಳು ಫೈಲು ಸೇರುತ್ತಿದ್ದವು, ಹೊಲಕ್ಕೆ ಹೋಗುತ್ತಿರಲಿಲ್ಲ. ಹೊಲಕ್ಕೆ ಮುಟ್ಟಿಸುವ ಕೆಲಸ ನಿನ್ನದು.

ಮುನ್ಸೂಚನೆ ಹವಾಮಾನ ಇಲಾಖೆಯದು, ಅದಕ್ಕೆ ನೀನು ಉಪ್ಪು ಖಾರ ಹಚ್ಚಬೇಡ. ಅವರ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ಇಪ್ಪತ್ತು ಮಿಲಿಮೀಟರಿಗೂ ಭಾರಿ ಭಾರಿ ಅಂತ ಕೂಗಿದರೆ, ನಿಜವಾಗಿ ಬಂದ ದಿನ ಯಾರೂ ನಂಬುವುದಿಲ್ಲ. ಯೆಲ್ಲೋ ಅಲರ್ಟ್ ಎಂದರೆ ಗಮನವಿಡಿ, ಆರೆಂಜ್ ಎಂದರೆ ತಯಾರಾಗಿ ಎಂದು ಬಿಡಿಸಿ ಹೇಳು. ಬಣ್ಣದ ಹೆಸರು ಹೇಳಿ ಸುಮ್ಮನಾಗಬೇಡ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ನಮ್ಮ ಜಿಲ್ಲೆ ಎರಡು ನದಿಗಳ ನಡುವೆ ಇದೆ. ನಮ್ಮ ತಲೆಯ ಮೇಲೆ ಬಿಸಿಲು ಸುಡುತ್ತಿರುವಾಗಲೇ ಕೃಷ್ಣೆ ತುಂಬಿ ಬರುತ್ತಾಳೆ. ಮಳೆ ಬಿದ್ದದ್ದು ಮಹಾರಾಷ್ಟ್ರದ ಘಟ್ಟದಲ್ಲಿ, ನೀರು ಆಲಮಟ್ಟಿ, ನಾರಾಯಣಪುರ ದಾಟಿ ಇಳಿದು ಬರುತ್ತದೆ. ಆಗ ಲಿಂಗಸುಗೂರಿನ ಶೀಲಹಳ್ಳಿ ಸೇತುವೆ, ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗುತ್ತವೆ. ತುಂಗಭದ್ರೆಯದೂ ಇದೇ ಕಥೆ, ಅವಳ ನೀರು ಮಲೆನಾಡಿನದು. ಹಾಗಾಗಿ ಬರೀ ರಾಯಚೂರಿನ ಮೋಡ ನೋಡಿದರೆ ಸಾಲದು. ಮಹಾಬಳೇಶ್ವರದಲ್ಲಿ, ಶಿವಮೊಗ್ಗದಲ್ಲಿ ಎಷ್ಟು ಸುರಿಯಿತು, ಜಲಾಶಯದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಅಂತ ದಿನಾ ಕೇಳಿಕೋ. ಬೆಂಗಳೂರಿನ ಚಾನೆಲ್‌ನವರು ಇದನ್ನೆಲ್ಲ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನದಿದಂಡೆಯವರಿಗೆ ಮೋಟಾರು, ಪೈಪು ಎತ್ತಿಕೊಳ್ಳಲು, ದನ ಹೊಡೆದುಕೊಂಡು ಬರಲು ಸಮಯ ಬೇಕು. ಆ ಸಮಯ ನಿನ್ನ ಬಾಯಿಂದ ಸಿಗಬೇಕು. 2009ರ ಅಕ್ಟೋಬರ್ ಶುರುವಿನಲ್ಲಿ ತುಂಗಭದ್ರೆ ಮಂತ್ರಾಲಯಕ್ಕೇ ನುಗ್ಗಿದ್ದು ನೆನೆದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ರೈತರಿಗೆ ಹೇಳುವಾಗ ತಾರೀಖಿನ ಜೊತೆ ಮಳೆಯ ಹೆಸರನ್ನೂ ಹೇಳು. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎನ್ನುವ ಜನ ನಾವು. ಎರೆಹೊಲದವರು ಹಿಂಗಾರಿ ಜೋಳಕ್ಕೆ ಹಸ್ತ ಮಳೆಯ ದಾರಿ ನೋಡುತ್ತಿರುತ್ತಾರೆ. ಸಿಂಧನೂರಿನ ಕಡೆ ನವೆಂಬರ್‌ನಲ್ಲಿ ಭತ್ತ ಕೊಯ್ಲಿಗೆ ಬಂದಿರುವಾಗಲೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗುತ್ತದೆ. ಆ ವಾರ ನೀನು ಹೇಳುವ ಎರಡು ಮಾತಿನ ಮೇಲೆ ಕೊಯ್ಲಿನ ಮಷಿನ್ ಕರೆಸಬೇಕಾ, ಕಾಯಬೇಕಾ ಅಂತ ನಿರ್ಧಾರವಾಗುತ್ತದೆ. ಖಾತ್ರಿ ಇಲ್ಲದಿದ್ದರೆ 'ಬರುವ ಸಾಧ್ಯತೆ ಇದೆ, ಖಾತ್ರಿ ಇಲ್ಲ' ಎಂದೇ ಹೇಳು. ಜನ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾರನೇ ದಿನ ನಿನ್ನೆ ಹೇಳಿದ್ದು ಆಯಿತಾ, ಇಲ್ಲವಾ ಅನ್ನುವುದನ್ನೂ ಪರದೆಯ ಮೇಲೇ ಹೇಳು.

ಸೀರೆ, ಮೇಕಪ್ಪು ನಿನಗೇ ಗೊತ್ತು. ಹಿಂದೆ ಹಸಿರು ಪರದೆ ಇದ್ದರೆ ಹಸಿರು ಸೀರೆ ಬೇಡ, ಅಷ್ಟೇ.

ಓದು ನಿಲ್ಲಿಸಬೇಡ. ನಿನ್ನದು ಭೌತಶಾಸ್ತ್ರದ ಡಿಗ್ರಿ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ, ಕೊಚ್ಚಿಯಲ್ಲಿ ಹವಾಮಾನ ವಿಜ್ಞಾನ ಕಲಿಸುತ್ತಾರೆ, ವಿಚಾರಿಸು. ಫೀಸಿನ ಚಿಂತೆ ನನಗೆ ಬಿಡು. ಅಲ್ಲಿಯವರೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೈತರಿಗೆ ಹವಾಮಾನ ಸಲಹೆ ಕೊಡುವವರ ಪರಿಚಯ ಮಾಡಿಕೋ. ಅವರ ಹತ್ತಿರ ಕೂತು ಉಪಗ್ರಹದ ಚಿತ್ರ ಓದುವುದನ್ನು ಕಲಿ.

ಬೆಂಗಳೂರಿನಿಂದ ಕರೆ ಬಂದರೆ ಹೋಗಬೇಕಾ ಅಂತ ಕೇಳಿದ್ದೀಯ. ಹೋಗು, ಆದರೆ ಈಗಲೇ ಬೇಡ. ಒಂದು ಮುಂಗಾರು, ಒಂದು ಹಿಂಗಾರು, ಒಂದು ಬೇಸಿಗೆ ಇಲ್ಲೇ ಪೂರ್ತಿ ಹೇಳಿ ಮುಗಿಸು. ಆಮೇಲೆ ಸಂಬಳ ಎಷ್ಟು ಅಂತ ನನಗೆ ತಿಳಿಸು, ಕೂತು ಮಾತಾಡೋಣ.

ನಿನ್ನ ದೊಡ್ಡಪ್ಪ
ಮಾನ್ವಿ