ಇಲ್ಲದ ಬಲದ ಪ್ರಶ್ನೆ

ಹಾಸನ

ಮಗಳೇ, ದೊಡ್ಡಪ್ಪನ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ. ನಿನ್ನ ಕಾಗದದ ಒಂದು ಸಾಲು ನನ್ನನ್ನು ಮಲಗಗೊಡಲಿಲ್ಲ. ವರ್ಚುವಲ್ ವರ್ಕ್ (ಕಲ್ಪಿತ ಬಲ ಇಲ್ಲವೇ ಕಲ್ಪಿತ ಚಲನೆ ಇಟ್ಟು ಕೆಲಸ ಲೆಕ್ಕ ಹಾಕುವ ವಿಧಾನ) ಪಾಠದಲ್ಲಿ ಹುಡುಗನೊಬ್ಬ, 'ಇಲ್ಲದ ಬಲ ಕೆಲಸ ಹೇಗೆ ಮಾಡುತ್ತೆ ಮಿಸ್?' ಅಂದನಂತೆ. 'ನನಗೇ ಅರ್ಥವಾಗಿಲ್ಲವೇನೋ' ಎಂದು ಬರೆದಿದ್ದೀಯ.

ಸೂತ್ರದಿಂದ ಶುರು ಮಾಡಿದರೆ ಆ ಪ್ರಶ್ನೆ ಬಂದೇ ಬರುತ್ತೆ ಕಣಮ್ಮ. ನಾನೂ ಸೂತ್ರವನ್ನೇ ಮೊದಲು ಬರೆಯುತ್ತಿದ್ದೆ. ಮಕ್ಕಳು ಸುಮ್ಮನಿದ್ದರೆ ತಿಳಿಯಿತು ಅಂದುಕೊಂಡೆ. ಆ ಕೊರಗು ಈಗಲೂ ಇದೆ.

30 ಸೆಂ.ಮೀ. ಅಡಿಪಟ್ಟಿ ತಗೊ. ಸೊನ್ನೆಯ ತುದಿ ಮೇಜಿಗೆ ಒತ್ತಿ, ಇನ್ನೊಂದು ತುದಿ 3 ಮಿ.ಮೀ. ಎತ್ತು. 10ರ ಗೀಟು ಏರುವುದು 1 ಮಿ.ಮೀ. ಅಡಿಪಟ್ಟಿಯೇ ಎರಡು ತುದಿಗೆ ಆಧಾರವಿರುವ ತೊಲೆ, 10ರ ಗೀಟಿನಲ್ಲಿ 30 ಕಿಲೋನ್ಯೂಟನ್ ಭಾರವಿದೆ ಅಂದುಕೊ. ಕೆಲಸ ಅಂದರೆ ಬಲ ಗುಣಿಸು ಸರಿದ ದೂರ: ಎತ್ತಿದ ತುದಿಯ ರಿಯಾಕ್ಷನ್ (ಆಧಾರ ಮೇಲಕ್ಕೆ ಕೊಡುವ ಬಲ) ಗುಣಿಸು 3, ಸಮ 30 ಗುಣಿಸು 1. ರಿಯಾಕ್ಷನ್ 10. ಇಲ್ಲಿ ಬಲ ನಿಜ, ಚಲನೆ ಕಲ್ಪನೆ.

ಯೂನಿಟ್ ಲೋಡಿನಲ್ಲಿ, ಅಂದರೆ 1ರಷ್ಟು ಕಲ್ಪಿತ ಭಾರ ಇಟ್ಟು ತೊಲೆ ಎಷ್ಟು ಬಾಗಿತೆಂದು ಕಂಡುಹಿಡಿಯುವ ವಿಧಾನದಲ್ಲಿ, ಇದೇ ತಿರುವುಮುರುವು. ಬಾಗಿದ್ದು ನಿಜ, 1 ಕಲ್ಪನೆ. 1 ಇಟ್ಟ ಜಾಗದ ಡಿಫ್ಲೆಕ್ಷನ್ (ಬಾಗಿ ಸರಿದ ದೂರ) ಮಾತ್ರ ಉಳಿಯುತ್ತೆ, ಬೇರೆ ಕಡೆಯದು ಸೊನ್ನೆಯಿಂದ ಗುಣಿಸಿ ಹೋಗುತ್ತೆ. ಆ ಹುಡುಗನಿಗೆ ಕೊಡಬೇಕಾದ ಉತ್ತರ ಇದೇ: ಎಲ್ಲಿಯದು ಬೇಕೋ ಅದನ್ನು ಹೆಕ್ಕಲು ಇಟ್ಟ ಗುರುತು ಆ ಬಲ.

3 ಮೀಟರ್ ಕ್ಯಾಂಟಿಲಿವರ್ (ಒಂದೇ ತುದಿ ಬಿಗಿದ ತೊಲೆ), ಬಿಟ್ಟ ತುದಿಯಲ್ಲಿ 10 ಕಿಲೋನ್ಯೂಟನ್, ಇಐ (ಬಾಗದಂತೆ ತಡೆಯುವ ಬಿಗುವು) 9000 ಕಿಲೋನ್ಯೂಟನ್-ಚದರ ಮೀಟರ್. ಆ ತುದಿಯಿಂದ x ದೂರದಲ್ಲಿ ನಿಜ ಮೊಮೆಂಟ್ (ಬಾಗಿಸುವ ಪರಿಣಾಮ, ಬಲ ಗುಣಿಸು ದೂರ) 10x, ಕಲ್ಪಿತದ್ದು x. ಎರಡರ ಗುಣಲಬ್ಧ 0ಯಿಂದ 3ರವರೆಗೆ ಇಂಟಿಗ್ರೇಟ್ ಮಾಡಿದರೆ 90. 9000ದಿಂದ ಭಾಗಿಸಿದರೆ 0.01 ಮೀಟರ್, ಅಂದರೆ 10 ಮಿ.ಮೀ. ಮಕ್ಕಳು ಅರ್ಧದಿಂದ ಗುಣಿಸಿ 5 ಅಂತ ಬರೆಯುತ್ತಾರೆ. ಕಲ್ಪಿತ ಭಾರ ಮೊದಲೇ ಪೂರ್ತಿ ಕೂತಿತ್ತು, ನಿಜ ಭಾರ ಆಮೇಲೆ ಬಂದು ಬಾಗಿಸಿತು; ಅದಕ್ಕೇ ಅರ್ಧ ಬರುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಎರಡು ಸಲ ಹೇಳು.

ಆದರೂ ಆ ಇಲ್ಲದ ಬಲದ ಭಯ ಉಳಿದರೆ, ಭಾರವೇ ಇಲ್ಲದ ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಸಲಾಕೆಗಳ ಚೌಕಟ್ಟು) ಕೊಡು, ಡಿಟರ್ಮಿನೇಟ್ (ಸಮತೋಲನದ ಲೆಕ್ಕದಿಂದಲೇ ಬಲಗಳು ಸಿಗುವಂಥದ್ದು) ಆಗಿರಲಿ. 5 ಮೀಟರ್ ಉಕ್ಕಿನ ಒಂದು ಮೆಂಬರ್ (ಸಲಾಕೆ) ಮಾತ್ರ 20 ಡಿಗ್ರಿ ಕಾದರೆ 1.2 ಮಿ.ಮೀ. ಬೆಳೆಯುತ್ತೆ. ಒಂದು ಜಾಯಿಂಟಿನಲ್ಲಿ (ಸಲಾಕೆಗಳು ಕೂಡುವ ಜಾಗ) ಇಟ್ಟ ಯೂನಿಟ್ ಲೋಡಿಗೆ ಅದರಲ್ಲಿ 0.5 ಟೆನ್ಷನ್ (ಎಳೆತ) ಬಂದರೆ ಆ ಜಾಯಿಂಟ್ ಸರಿಯುವುದು 0.5 ಗುಣಿಸು 1.2, ಅಂದರೆ 0.6 ಮಿ.ಮೀ., ಯೂನಿಟ್ ಲೋಡ್ ತೋರಿಸಿದ ದಿಕ್ಕಿಗೇ. ಮೈನಸ್ ಬಂದರೆ ಎದುರು ದಿಕ್ಕು, ತಪ್ಪಲ್ಲ.

ಇಷ್ಟೆಲ್ಲ ನಿನಗೆ ಗೊತ್ತಿರಬಹುದು, ಬೇಜಾರು ಮಾಡ್ಕೋಬೇಡ. ನಿನಗೆ ಅರ್ಥವಾಗಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಭಾನುವಾರ ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಬರುವ ಬಸ್ಸಿಗೆ ಬಾ, ಟ್ರಸ್ ಲೆಕ್ಕ ಕೂತು ಮಾಡೋಣ. ನಾಳೆ ಮಾತ್ರ ಆ ಹುಡುಗನ ಕೈಗೇ ಅಡಿಪಟ್ಟಿ ಕೊಟ್ಟು ಎತ್ತಿಸು.

ನಿನ್ನ ದೊಡ್ಡಪ್ಪ