ಕಬ್ಬಿಣದ ಕವಚ, ಡಬ್ಬಿಯ ಮೊಸರು

ಪ್ರಿಯ ಸೀನ,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ನನ್ನನ್ನು ಬಿಟ್ಟಿಲ್ಲ. "ಐರನ್ ಮ್ಯಾನ್ ಆಕಾಶದಿಂದ ಬಿದ್ದರೂ ಏನೂ ಆಗಲ್ಲ ಕಣೋ, ಮೈಮೇಲೆ ಕವಚ ಇದೆ ಅಲ್ವಾ" ಅಂದೆ. ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು ತುಂಬಿ ಕೈಬಿಟ್ಟರೆ ಏನಾಗುತ್ತದೆ? ಡಬ್ಬಿಗೆ ಒಂದು ತಗ್ಗೂ ಬೀಳದಿರಬಹುದು. ಮುಚ್ಚಳ ತೆಗೆದರೆ ಮೊಸರು ಒಡೆದಿರುತ್ತದೆ. ನಮ್ಮ ಮೆದುಳೂ ಹಾಗೆಯೇ ಮೆತ್ತಗೆ. ಸುಮಾರು 1.4 ಕೆ.ಜಿ. ತೂಕ, ಸುತ್ತ ಒಂದಿಷ್ಟು ದ್ರವ. ಕವಚ ನಿಂತಿತು, ಬುರುಡೆ ನಿಂತಿತು, ಮೆದುಳು ಮಾತ್ರ ಇನ್ನೂ ಓಡುತ್ತಿರುತ್ತದೆ. ಹೋಗಿ ಬುರುಡೆಯ ಒಳಗೋಡೆಗೆ ಬಡಿಯುತ್ತದೆ.

ನಿಲ್ಲುವಾಗ ಮೈಮೇಲೆ ಬೀಳುವ ಬಲ ಎಷ್ಟು? ಲೆಕ್ಕ ಸುಲಭ. ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕ ದೂರದಿಂದ ಭಾಗಿಸು. 10 ಮೀಟರ್ ಮೇಲಿಂದ ಬಿದ್ದು 1 ಸೆಂ.ಮೀ.ನಲ್ಲಿ ನಿಂತರೆ ಭೂಮಿಯ ಸೆಳೆತದ 1000 ಪಟ್ಟು. ಅದೇ 1 ಮೀಟರ್ ಸಿಕ್ಕರೆ ಬರೀ 10 ಪಟ್ಟು. ಕಬ್ಬಿಣ ಬಗ್ಗುವುದಿಲ್ಲ, ಹಾಗಾಗಿ ಆ ದೂರ ಸಿಗುವುದೇ ಇಲ್ಲ.

ಒಂದು ಕಾಮಿಕ್ಸ್ ಈ ಸತ್ಯ ಹೇಳಿತು. 1973ರ ಸ್ಪೈಡರ್‌ಮ್ಯಾನ್ ಕಥೆಯಲ್ಲಿ ಅವನ ಪ್ರೇಯಸಿ ಗ್ವೆನ್ ಸ್ಟೇಸಿ ಸೇತುವೆಯಿಂದ ಬೀಳುತ್ತಾಳೆ. ಅವನ ಬಲೆ ಅವಳ ಕಾಲನ್ನು ಹಿಡಿದೂಬಿಡುತ್ತದೆ. ಆದರೆ ಕುತ್ತಿಗೆಯ ಪಕ್ಕ 'ಸ್ನ್ಯಾಪ್' ಎಂಬ ಪುಟ್ಟ ಅಕ್ಷರಗಳು. ಕೊಂದದ್ದು ನೆಲವಲ್ಲ, ದಿಢೀರನೆ ನಿಂತದ್ದು. ಮಿನೆಸೋಟ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೇಮ್ಸ್ ಕಾಕಾಲಿಯೋಸ್ ಈ ಸಾವನ್ನೇ ಇಟ್ಟುಕೊಂಡು ಲೆಕ್ಕ ಹೇಳಿಕೊಟ್ಟರು. ಪ್ರೀತಿಸಿದವನ ಕೈಯಲ್ಲೇ ಹೀಗಾಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಬಹಳಷ್ಟು ಕಥೆಗಳಲ್ಲಿ ಹೀರೋ ದವಡೆಗೆ ಒಂದು ಗುದ್ದು ಕೊಡುತ್ತಾನೆ. ಖಳನಾಯಕ ಅರ್ಧ ದಿನ ಮಲಗಿ, ಕುತ್ತಿಗೆ ಸವರಿಕೊಂಡು ಎದ್ದು ಹೋಗುತ್ತಾನೆ. ನಿಜದಲ್ಲಿ ಎಚ್ಚರ ತಪ್ಪಿ ಅರ್ಧ ಗಂಟೆ ದಾಟಿದರೆ ಅದನ್ನು ಸಣ್ಣ ಗಾಯ ಎಂದು ಡಾಕ್ಟರು ಎಣಿಸುವುದೇ ಇಲ್ಲ. ದವಡೆಗೆ ಬಿದ್ದ ಏಟು ತಲೆಯನ್ನು ಗಿರಕ್ಕನೆ ತಿರುಗಿಸುತ್ತದೆ. ಒಳಗಿನ ನರಕೋಶಗಳ ಉದ್ದನೆಯ ಎಳೆಗಳು ಜಗ್ಗುತ್ತವೆ. ಕೋಶದೊಳಗಿನ ಪೊಟ್ಯಾಸಿಯಂ ಹೊರಗೆ, ಹೊರಗಿನ ಕ್ಯಾಲ್ಸಿಯಂ ಒಳಗೆ. ಅದನ್ನು ಸರಿಪಡಿಸಲು ಮೆದುಳಿಗೆ ಜಾಸ್ತಿ ಶಕ್ತಿ ಬೇಕು, ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಮುಂದಿನ ಪುಟದಲ್ಲೇ ಇನ್ನೊಂದು ಏಟು ತಿನ್ನುವ ಸ್ಥಿತಿಯೇ ಅಲ್ಲ ಅದು.

ಕೆಲವರು ಎದ್ದು ನಗುತ್ತ ಮಾತಾಡುತ್ತಾರೆ. ಕಿವಿಯ ಮೇಲೆ ಬುರುಡೆ ತೆಳು, ಒಳಗೊಂದು ರಕ್ತನಾಳ ಇದೆ. ಅದು ಹರಿದಿದ್ದರೆ ರಕ್ತ ಸದ್ದಿಲ್ಲದೆ ತುಂಬುತ್ತದೆ. 2009ರಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದು, ಏನೂ ಆಗಿಲ್ಲ ಎಂದು ಮೊದಲು ಚಿಕಿತ್ಸೆ ಬೇಡವೆಂದರು. ಎರಡು ದಿನದಲ್ಲಿ ತೀರಿಕೊಂಡರು.

ಅದಕ್ಕೇ ಹೋದ ತಿಂಗಳು ಬೈಕಿನಿಂದ ಬಿದ್ದು "ಹೀರೋ ಥರ ಎದ್ದು ಬಂದೆ" ಅಂತ ನೀನು ಬರೆದಾಗ ನನಗೆ ನಗು ಬರಲಿಲ್ಲ. ಅವತ್ತು ನಿನ್ನನ್ನು ಉಳಿಸಿದ್ದು ಹೆಲ್ಮೆಟ್ಟಿನ ಹೊರಗಿನ ಚಿಪ್ಪೊಂದೇ ಅಲ್ಲ, ಒಳಗಿನ ಥರ್ಮೋಕೋಲ್. ಅದು ನಜ್ಜುಗುಜ್ಜಾಗಿ ನಿನ್ನ ತಲೆಗೆ ಒಂದೆರಡು ಸೆಂ.ಮೀ. ದೂರ ಕೊಟ್ಟಿತು. ಒಮ್ಮೆ ನಜ್ಜಿದ್ದು ಮತ್ತೆ ಉಬ್ಬುವುದಿಲ್ಲ ಕಣೋ. ನೀನು ಇನ್ನೂ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೀಯ. ಈ ವಾರವೇ ಐಎಸ್‌ಐ ಗುರುತಿನ ಹೊಸದು ತಗೋ, ಬಿಲ್ಲಿನ ಫೋಟೋ ಕಳಿಸು.

ನಿನ್ನ ಗೆಳೆಯ